ಮ್ಯಾಮೋಗ್ರಾಂ ವರದಿಯಲ್ಲಿ ಕನ್ನಡದ ಒಂದು ಸಾಲಿರಲಿ

ಮಾನ್ಯರೇ,

ನಲವತ್ತು ದಾಟಿದವರು ಸ್ತನ ಕ್ಯಾನ್ಸರ್ ಪತ್ತೆಗೆ ಮ್ಯಾಮೋಗ್ರಾಂ (ಸ್ತನದ ಎಕ್ಸ್-ರೇ) ಮಾಡಿಸಿಕೊಳ್ಳಬೇಕೆಂದು ಸಲಹೆ ನೀಡುವ ನಿಮ್ಮ ಪತ್ರಿಕೆಯ ಲೇಖನ, ಸ್ತನದ ಅಂಗಾಂಶ ದಟ್ಟವಾಗಿರುವ, ಅಂದರೆ ಕೊಬ್ಬು ಕಡಿಮೆಯಿದ್ದು ಗ್ರಂಥಿ, ನಾರು ಹೆಚ್ಚಿರುವ ಮಹಿಳೆಯರಿಗೆ ಆ ಒಂದು ಪರೀಕ್ಷೆ ಸಾಲದೇ ಹೋಗಬಹುದು ಎಂಬುದನ್ನು ಹೇಳಿಲ್ಲ.

ಕಳೆದ ವರ್ಷ ನನ್ನ ಅಕ್ಕನ ಕೈಗೆ ಲಕೋಟೆ ಕೊಟ್ಟ ಸಿಬ್ಬಂದಿ ‘ಎಲ್ಲ ನಾರ್ಮಲ್’ ಎಂದಷ್ಟೇ ಹೇಳಿ ಕಳುಹಿಸಿದರು. ವರದಿಯ ನಡುವೆ ಇಂಗ್ಲಿಷಿನ ‘ಸಿ’ ಅಕ್ಷರವೊಂದಿತ್ತು. ಅದು ದಟ್ಟತೆಯ ದರ್ಜೆ, ಎ ಯಿಂದ ಡಿ ವರೆಗಿನ ನಾಲ್ಕರಲ್ಲಿ ಕೊನೆಯ ಎರಡು ದಟ್ಟ ಎಂದು ತಿಳಿದದ್ದು ತಿಂಗಳುಗಳ ನಂತರ, ಬೇರೆ ವೈದ್ಯರಿಂದ. ಚಿತ್ರದಲ್ಲಿ ದಟ್ಟ ಅಂಗಾಂಶವೂ ಬೆಳ್ಳಗೆ, ಗಡ್ಡೆಯೂ ಬೆಳ್ಳಗೆ. ಅರಳೆಯ ರಾಶಿಯಲ್ಲಿ ಮಲ್ಲಿಗೆ ಮೊಗ್ಗು ಹುಡುಕಿದಂತೆ. ಮುಟ್ಟಿ ನೋಡಿ ತಿಳಿಯುವ ಸಂಗತಿಯೂ ಇದಲ್ಲ. ಕಿರಿಯ ವಯಸ್ಸಿನಲ್ಲಿ ದಟ್ಟತೆ ಹೆಚ್ಚು. ನಮ್ಮ ದೇಶದಲ್ಲಿ ಸ್ತನ ಕ್ಯಾನ್ಸರ್ ಪಾಶ್ಚಾತ್ಯ ದೇಶಗಳಿಗಿಂತ ಕಿರಿಯರಲ್ಲಿಯೇ ಕಾಣಿಸಿಕೊಳ್ಳುತ್ತಿದೆ.

ಅಮೆರಿಕದಲ್ಲಿ 2024ರ ಸೆಪ್ಟೆಂಬರ್‌ನಿಂದ ದಟ್ಟತೆಯ ವಿಷಯವನ್ನು ಸರಳ ಭಾಷೆಯಲ್ಲಿ ಮಹಿಳೆಗೆ ತಿಳಿಸುವುದು ಕಡ್ಡಾಯ. ನಮ್ಮಲ್ಲಿ ಸ್ತನ ಕ್ಯಾನ್ಸರ್ ಜಾಗೃತಿಯ ತಿಂಗಳಾದ ಅಕ್ಟೋಬರ್ ಬಂದರೆ ಗುಲಾಬಿ ರಿಬ್ಬನ್ನಿಗೇನೂ ಕೊರತೆಯಿಲ್ಲ! ದಟ್ಟತೆ ಇದ್ದವರು ಮಾಡಿಸಬಹುದಾದ ಮುಂದಿನ ಪರೀಕ್ಷೆಗಳಲ್ಲಿ ಎಂಆರ್‌ಐ ದುಬಾರಿ, ಎಲ್ಲರಿಗೂ ಬೇಕಿಲ್ಲ. ಅಲ್ಟ್ರಾಸೌಂಡ್ ಕೆಲವೊಮ್ಮೆ ಅನಗತ್ಯ ಗಾಬರಿ ಹುಟ್ಟಿಸಿದರೂ, ಮ್ಯಾಮೋಗ್ರಾಂ ಕಾಣದ್ದನ್ನು ಕಾಣಬಲ್ಲದು, ವಿಕಿರಣವೂ ಇಲ್ಲ.

‘ನಿಮ್ಮ ಸ್ತನದ ಅಂಗಾಂಶ ದಟ್ಟವಾಗಿದೆ, ಮುಂದಿನ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ’ ಎಂಬ ಸಾಲನ್ನು ಅಂಥ ಪ್ರತಿ ವರದಿಯಲ್ಲೂ ಕನ್ನಡದಲ್ಲಿ ಮುದ್ರಿಸುವಂತೆ ಆರೋಗ್ಯ ಇಲಾಖೆ ಆದೇಶಿಸಲಿ.

– ಓದುಗಿ, ಶಿವಮೊಗ್ಗ