ಎಸಳು ಎಣಿಸಿದವಳಿಗೆ ಸೊನ್ನೆ

ಮಾನ್ಯ ಸಂಪಾದಕರೇ,

ದಾಸವಾಳಕ್ಕೆ ಎಸಳು ಎಷ್ಟು? ಪುಸ್ತಕದ ಪ್ರಕಾರ ಐದು. ಪಿಯು ಮೊದಲ ವರ್ಷದಲ್ಲಿರುವ ನನ್ನ ಮಗಳು ಇಪ್ಪತ್ತಮೂರು ಎಂದು ಬರೆದು ಬಂದಿದ್ದಾಳೆ. ಕಾಲೇಜಿನ ಕಿರುಪರೀಕ್ಷೆಯಲ್ಲಿ ಮೇಜಿನ ಮೇಲಿಟ್ಟಿದ್ದ ಹೂವನ್ನು ಬಿಡಿಸಿ, ಎಸಳುಗಳನ್ನು ಕಾಗದದ ಮೇಲೆ ಸಾಲಾಗಿ ಹರಡಿ, ಎರಡು ಸಲ ಎಣಿಸಿ ಬರೆದ ಉತ್ತರ ಅದು. ಸಿಕ್ಕಿದ್ದು ಸೊನ್ನೆ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 5 ಎಂದು ತಿದ್ದಿದ್ದಾರೆ. ಹೂವನ್ನು ಮುಟ್ಟದೆಯೇ ಐದು ಎಂದು ಬರೆದವರಿಗೆ ಪೂರ್ತಿ ಅಂಕ.

ನಾನು ರಾಣೆಬೆನ್ನೂರು ತಾಲ್ಲೂಕಿನ ಒಂದು ಹಳ್ಳಿಯವಳು. ಮೂವತ್ತು ವರ್ಷದ ಹಿಂದೆ ಪಿಯುನಲ್ಲಿ ವಿಜ್ಞಾನ ಓದಿದೆ, ಮದುವೆಯಾಯಿತು, ಅಲ್ಲಿಗೆ ಓದು ನಿಂತಿತು. ಇಪ್ಪತ್ತೆರಡು ವರ್ಷದಿಂದ ಬೀಜೋತ್ಪಾದನೆಯ ಹೊಲಗಳಲ್ಲಿ ಹತ್ತಿ, ಮೆಣಸಿನಕಾಯಿ, ಟೊಮೆಟೊ ಕ್ರಾಸಿಂಗ್, ಅಂದರೆ ಒಂದು ತಳಿಯ ಹೂವಿಗೆ ಇನ್ನೊಂದು ತಳಿಯ ಪರಾಗ ಮುಟ್ಟಿಸುವ ಕೆಲಸ, ಮಾಡುತ್ತಿದ್ದೇನೆ. ಮೊದಲು ಕೂಲಿಗೆ ಹೋಗುತ್ತಿದ್ದೆ, ಈಗ ನಮ್ಮದೇ ಒಂದೂವರೆ ಎಕರೆಯಲ್ಲಿ. ಹೂವಿನ ವಿಷಯದಲ್ಲಿ ನಾನು ಬಾಯಿ ಹಾಕುವುದಕ್ಕೆ ಇಷ್ಟು ಅರ್ಹತೆ ಸಾಕೆಂದುಕೊಂಡಿದ್ದೇನೆ.

ಮಗಳು ಸುಮ್ಮನೆ ಅತ್ತು ಕೂರುವವಳಲ್ಲ. ಅಂಥದ್ದೇ ಇನ್ನೊಂದು ಹೂವನ್ನು ಕಾಲೇಜಿನ ಅಂಗಳದ ಗಿಡದಿಂದ ಕಿತ್ತು ಊಟದ ಡಬ್ಬಿಯಲ್ಲಿ ತಂದಿದ್ದಳು. ನೋಡಿದ ಕೂಡಲೇ ತಿಳಿಯಿತು, ಅದು ಬೇಲಿಯ ಸಾದಾ ದಾಸವಾಳವಲ್ಲ, ಎಸಳು ಒತ್ತೊತ್ತಾಗಿ ತುಂಬಿ ಮುದ್ದೆಯಾಗಿರುವ ಜಾತಿ. ಟ್ಯೂಬ್‌ಲೈಟಿನ ಕೆಳಗೆ ಇಬ್ಬರೂ ಕುಳಿತು ಹೊರಗಿನಿಂದ ಬಿಡಿಸುತ್ತ ಹೋದೆವು. ಹೊರಸುತ್ತಿನಲ್ಲಿ ಅಗಲವಾದ ಐದು ಎಸಳು, ಒಂದರ ಅಂಚು ಇನ್ನೊಂದರ ಮೇಲೆ ತಿರುಚಿಕೊಂಡಿವೆ. ಅವುಗಳ ಒಳಗಿನವು ಸಣ್ಣವು, ಸುಕ್ಕುಸುಕ್ಕು, ಒಂದರಂತೆ ಇನ್ನೊಂದಿಲ್ಲ. ಅವುಗಳಲ್ಲಿ ಕೆಲವದರ ಅಂಚಿನಲ್ಲಿ ಸಾಸಿವೆಗಿಂತ ಚಿಕ್ಕದಾದ ಹಳದಿ ಗಂಟು ಅಂಟಿಕೊಂಡಿತ್ತು. ಉಗುರಿನಿಂದ ಒತ್ತಿದರೆ ಬೆರಳಿಗೆ ಪರಾಗ ಹತ್ತಿತು. ಅಂದರೆ ಒಳಗಿನವು ಹುಟ್ಟಿನಿಂದ ಎಸಳುಗಳಲ್ಲ, ಎಸಳಿನ ವೇಷ ಕಟ್ಟಿದ ಕೇಸರಗಳು, ಪರಾಗ ಹೊರುವ ಎಳೆಗಳು. ದೊಡ್ಡಾಟದಲ್ಲಿ ಹೆಣ್ಣುವೇಷದವನ ಮೀಸೆ ಬಣ್ಣದ ಕೆಳಗಿನಿಂದ ಇಣುಕಿದ ಹಾಗೆ ಆ ಹಳದಿ ಗಂಟು ಗುಟ್ಟು ಬಿಟ್ಟುಕೊಟ್ಟಿತು.

ಜರ್ಮನಿಯ ಕವಿ ಗಯಟೆ 1790ರಲ್ಲಿಯೇ ಇಂಥ ತುಂಬು ಹೂವುಗಳನ್ನು ಮುಂದಿಟ್ಟುಕೊಂಡು, ಎಸಳು, ಕೇಸರ ಎಲ್ಲವೂ ಎಲೆಯದೇ ಬೇರೆ ಬೇರೆ ರೂಪಗಳು ಎಂದು ವಾದಿಸಿದ್ದನಂತೆ. ಇದನ್ನು ನನಗೆ ಹೇಳಿದವರು ಪಿಯುನಲ್ಲಿ ನಮಗೆ ಸಸ್ಯಶಾಸ್ತ್ರ ಕಲಿಸಿದ ಮೇಷ್ಟ್ರು. ಅವರು ಬರುವಾಗ ಸೈಕಲ್ ಹ್ಯಾಂಡಲ್ಲಿಗೆ ಹೂವಿನ ಚೀಲ ತೂಗುತ್ತಿತ್ತು.

ಹಾಗಾದರೆ ಐದೂ ಸರಿ, ಇಪ್ಪತ್ತಮೂರೂ ಸರಿ. ಇಪ್ಪತ್ತಮೂರು ಎಂದವಳನ್ನು ಹತ್ತಿರ ಕರೆದು, 'ಉಳಿದ ಹದಿನೆಂಟು ಎಲ್ಲಿಂದ ಬಂದವು?' ಎಂದು ಕೇಳಿದ್ದರೆ ಆ ದಿನದ ಪಾಠ ಅಲ್ಲಿಯೇ ಮುಗಿಯುತ್ತಿತ್ತು. ನಾನು ಉಪನ್ಯಾಸಕರಿಗೆ ಫೋನ್ ಮಾಡಿದೆ. ಮರ್ಯಾದೆಯಿಂದಲೇ ಮಾತನಾಡಿದರು. 'ಅಕ್ಕನವರೇ, ನೀವು ಹೇಳುವುದು ಸರಿ. ಆದರೆ ದಾಸವಾಳ, ಹತ್ತಿ, ಬೆಂಡೆ ಸೇರಿದ ಮಾಲ್ವೇಸಿ ಕುಟುಂಬ ಎಂದರೆ ಐದು ಎಸಳು, ಮಾದರಿ ಉತ್ತರದಲ್ಲಿ ಐದೇ ಇದೆ. ಸಾದಾ ದಾಸವಾಳ ಅವತ್ತು ಸಿಗಲಿಲ್ಲ' ಎಂದರು. ಅವರ ಕಷ್ಟವೂ ನನಗೆ ಅರ್ಥವಾಗುತ್ತದೆ, ಒಬ್ಬರಿಗೆ ಎರಡು ಕಾಲೇಜುಗಳ ಪಾಠ. ಆದರೆ ಹೂವು ಸಿಗಲಿಲ್ಲ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಹತ್ತಿ ಕ್ರಾಸಿಂಗ್ ನಡೆದಿರುವ ಈ ದಿನಗಳಲ್ಲಿ, ರಾಣೆಬೆನ್ನೂರು ಸೀಮೆಯಲ್ಲಿ, ದಾಸವಾಳದ ಮನೆತನದ ಹೂವು ಸಿಗಲಿಲ್ಲವೇ?

ನಮ್ಮ ಕೆಲಸ ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ, ಆಗ ಈ ಸಿಟ್ಟು ಏಕೆ ಎಂದು ತಿಳಿಯುತ್ತದೆ. ಮಧ್ಯಾಹ್ನ ಮೂರು ಗಂಟೆಯ ನಂತರ ಹೆಣ್ಣು ಸಾಲಿಗೆ, ಅಂದರೆ ಬೀಜ ಕಟ್ಟಬೇಕಾದ ತಳಿಯ ಸಾಲಿಗೆ, ಇಳಿಯುತ್ತೇವೆ. ನಾಳೆ ಅರಳುವ ಮೊಗ್ಗು ಯಾವುದು ಎಂದು ಕಣ್ಣೇ ಹೇಳುತ್ತದೆ, ಕೆನೆಬಣ್ಣದ ಎಸಳು ಸುರುಳಿ ಸುತ್ತಿಕೊಂಡು ಪುಷ್ಪಪಾತ್ರೆಯಿಂದ, ಅಂದರೆ ಬುಡದ ಹಸಿರು ಬಟ್ಟಲಿನಿಂದ, ಮೇಲಕ್ಕೆ ಬಂದಿರುತ್ತದೆ. ಹೊರಗೆ ಹಲ್ಲು ಹಲ್ಲು ಅಂಚಿನ ಮೂರು ದೊಡ್ಡ ಹಸಿರು ಎಲೆಗಳಿವೆಯಲ್ಲ, ಪುಸ್ತಕದಲ್ಲಿ ಉಪಪುಷ್ಪಪಾತ್ರೆ ಎಂದು ಬಾಯಿಪಾಠ ಮಾಡಿಸುವುದು ಅವನ್ನೇ. ಅವುಗಳನ್ನು ಹಿಂದಕ್ಕೆ ಸರಿಸಿ, ಹೆಬ್ಬೆರಳಿನ ಉಗುರನ್ನು ಮೊಗ್ಗಿನ ಬುಡಕ್ಕೆ ಊರಿ ಒಂದು ಸುತ್ತು ತಿರುಗಿಸಬೇಕು. ಎಸಳೂ ಕೇಸರದ ಕೊಳವೆಯೂ ಒಟ್ಟಿಗೇ ಟೊಪ್ಪಿಗೆಯಂತೆ ಕಳಚಿ ಬರುತ್ತವೆ. ಕೇಸರಗಳ ದಂಟುಗಳೆಲ್ಲ ಬೆಸೆದು ಒಂದೇ ಕೊಳವೆಯಾಗಿರುವುದರಿಂದಲೇ ಇದು ಸಾಧ್ಯ. ಮಾಲ್ವೇಸಿಯ ಮುಖ್ಯ ಗುರುತು ಇದೇ, ನಮ್ಮ ಹೊಟ್ಟೆಪಾಡೂ ಇದೇ. ಉಳಿಯುವುದು ಅಂಡಾಶಯ, ಅದರ ಮೇಲೆ ಒಂಟಿಯಾಗಿ ನಿಂತ ಶಲಾಕೆ ಎಂಬ ಕಡ್ಡಿ. ಉಗುರು ಒಂದು ಕೂದಲೆಳೆ ಆಳಕ್ಕೆ ಹೋಗಿ ಅಂಡಾಶಯದ ಬಿಳಿ ಪೊರೆಗೆ ತಾಗಿದರೆ ಕಾಯಿ ಉದುರುತ್ತದೆ. ಒಂದು ಪರಾಗಕೋಶ ಉಳಿದುಬಿಟ್ಟರೂ ಬೀಜ ಕಲಬೆರಕೆಯಾಗುತ್ತದೆ, ಬೆಳೆಸಿ ನೋಡುವ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ವರ್ಷದ ದುಡಿಮೆ ಹೋಯಿತು. ಮರುದಿನ ಬೆಳಿಗ್ಗೆ ಗಂಡು ಹೂವು, ಅಂದರೆ ಪರಾಗ ಕೊಡುವ ತಳಿಯ ಹೂವು, ತಂದು ಶಲಾಕೆಯ ತುದಿಗೆ ಸವರಿ, ತೊಟ್ಟಿಗೆ ದಾರ ಕಟ್ಟುತ್ತೇವೆ. ಒಂದು ಗಂಡು ಹೂವಿನಲ್ಲಿ ನಾಲ್ಕೈದು ಹೆಣ್ಣು ಹೂವುಗಳಿಗೆ ಆಗುತ್ತದೆ. 1972ರಲ್ಲಿ ಧಾರವಾಡದಲ್ಲಿ ಎರಡು ಬೇರೆ ಬೇರೆ ಪ್ರಭೇದದ ಹತ್ತಿಗಳನ್ನು ಕೂಡಿಸಿ ಹೊರತಂದ ವರಲಕ್ಷ್ಮಿ ತಳಿಯ ಬೀಜವೂ ಹೀಗೆ ಕೈಯಿಂದಲೇ ಆಗಬೇಕಿತ್ತು. ಆಮೇಲೆ ಬಂದ ಡಿಸಿಎಚ್-32ರದ್ದೂ ಅಷ್ಟೇ.

ನಮ್ಮ ಗುಂಪಿನಲ್ಲಿ ಹದಿನಾಲ್ಕು ಹೆಣ್ಣುಮಕ್ಕಳಿದ್ದಾರೆ. ಅರ್ಧಕ್ಕರ್ಧ ಜನ ಏಳನೆಯ ತರಗತಿ ದಾಟಿಲ್ಲ. ಯಾರನ್ನು ಬೇಕಾದರೂ ಎಬ್ಬಿಸಿ ಹತ್ತಿ ಹೂವಿನ ಒಳಗೇನಿದೆ ಎಂದು ಕೇಳಿ.

ಮೆಣಸಿನಕಾಯಿಯ ಕಥೆ ಬೇರೆ. ಅಲ್ಲಿ ಉಗುರು ನಡೆಯುವುದಿಲ್ಲ, ಚಿಮಟ ಬೇಕು. ಐದು ಕೇಸರಗಳೂ ಬಿಡಿಬಿಡಿ, ಎಸಳಿನ ಕೊಳವೆಯ ಒಳಗೋಡೆಗೆ ಅಂಟಿಕೊಂಡಿರುತ್ತವೆ, ತುದಿ ನೀಲಿ ಛಾಯೆಯದು. ಆದ್ದರಿಂದ ಎಸಳನ್ನು ಎಳೆದರೆ ಕೇಸರವೂ ಜೊತೆಗೆ ಬರುತ್ತದೆ. ಈ ಸೊಲನೇಸಿ ಕುಟುಂಬಕ್ಕೂ ಪುಸ್ತಕದಲ್ಲಿ ಐದು ಎಸಳು ಎಂದೇ ಇದೆ. ನಮ್ಮ ಹೊಲಕ್ಕೆ ಬನ್ನಿ, ಒಂದೇ ಮೆಣಸಿನಗಿಡದಲ್ಲಿ ಐದು ಎಸಳಿನ ಹೂವೂ ಇದೆ, ಆರು ಎಸಳಿನದೂ ಇದೆ. ಅದೇ ಗಿಡವನ್ನು ಪರೀಕ್ಷೆಗೆ ಇಟ್ಟರೆ ಯಾರ ಅಂಕ ಕತ್ತರಿಸುತ್ತೀರಿ? ಈ ಕುಟುಂಬದ ಗುರುತು ಅಡುಗೆಮನೆಯಲ್ಲೂ ಸಿಗುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ತೊಟ್ಟಿನ ಕೆಳಗಿನ ಟೊಪ್ಪಿಗೆ, ಬದನೆಕಾಯಿಯ ತಲೆಯ ಮೇಲಿನ ಮುಳ್ಳಿನ ಟೊಪ್ಪಿಗೆ ಎರಡೂ ಹೂವಿದ್ದಾಗಿನ ಪುಷ್ಪಪಾತ್ರೆಯೇ. ಕಾಯಾದರೂ ಉದುರದೆ ಉಳಿದಿದೆ.

ನಮ್ಮ ಕಡೆ ಅಡ್ಡಹೆಸರುಗಳೇ ಮೆಣಸಿನಕಾಯಿ, ಬದನೆಕಾಯಿ, ಉಳ್ಳಾಗಡ್ಡಿ. ಒಂದೇ ಬೆಡಗಿನಲ್ಲಿ, ಅಂದರೆ ಒಂದೇ ಕುಲದಲ್ಲಿ, ನಾವು ಹೆಣ್ಣು ಕೊಟ್ಟು ತರುವುದಿಲ್ಲ. ಸಸ್ಯಶಾಸ್ತ್ರದ ಲೆಕ್ಕ ಹಿಡಿದರೆ ಮೆಣಸಿನಕಾಯಿಯವರೂ ಬದನೆಕಾಯಿಯವರೂ ಬೀಗರಾಗುವ ಹಾಗಿಲ್ಲ ಎಂದು ಹೇಳಿದಾಗ ಮಗಳು ನಕ್ಕಳು. ಆ ಕುಟುಂಬವನ್ನು ಇನ್ನು ಅವಳು ಮರೆಯಲಾರಳು. ಉಳ್ಳಾಗಡ್ಡಿಯದು ಇನ್ನೂ ತಮಾಷೆ. ಸಸ್ಯಶಾಸ್ತ್ರಜ್ಞರಾದ ಬೆಂಥಮ್ ಮತ್ತು ಹೂಕರ್ 1862ರಿಂದ 1883ರವರೆಗೆ ಕುಳಿತು ಹೂಬಿಡುವ ಗಿಡಗಳ ವಂಶಾವಳಿ ಬರೆದಾಗ ಅದನ್ನು ಲಿಲಿಯೇಸಿ ಕುಟುಂಬದಲ್ಲಿ ಇಟ್ಟಿದ್ದರು, ನಾನು ಓದಿದ್ದೂ ಹಾಗೆಯೇ. ಡಿಎನ್ಎ ನೋಡಿ ಸಂಬಂಧ ಗುರುತಿಸುವ ಕಾಲ ಬಂದ ಮೇಲೆ, ಸಸ್ಯಶಾಸ್ತ್ರಜ್ಞರ ಅಂತರರಾಷ್ಟ್ರೀಯ ತಂಡದ 2009ರ ಪಟ್ಟಿಯಲ್ಲಿ ಅದು ಅಮರಿಲ್ಲಿಡೇಸಿಗೆ ದತ್ತು ಹೋಯಿತು. ತೇಗದ ಮರ ವರ್ಬಿನೇಸಿ ಬಿಟ್ಟು ತುಳಸಿಯ ಮನೆ ಸೇರಿತು, ಬೂರುಗ ಹತ್ತಿಯ ಮನೆ ಸೇರಿತು. 2016ರ ಪಟ್ಟಿಯಲ್ಲಿ ಒಟ್ಟು 416 ಕುಟುಂಬಗಳಿವೆ. ಕಂಡದ್ದನ್ನು ನಂಬಿ ಪಂಡಿತರೇ ವಂಶಾವಳಿ ತಿದ್ದುತ್ತಿರುವಾಗ ಮಾದರಿ ಉತ್ತರ ಪತ್ರಿಕೆ ಮಾತ್ರ ಶಿಲಾಶಾಸನವಾಗಿ ಕುಳಿತಿದೆ.

ಇನ್ನೊಂದು ಸಣ್ಣ ತಕರಾರು. ಮಗಳ ಗೆಳತಿ ಸೂರ್ಯಕಾಂತಿಯ ಕುಟುಂಬಕ್ಕೆ ಕಾಂಪೊಸಿಟೆ ಎಂದು ಬರೆದಳು, ಆಸ್ಟರೇಸಿ ಎಂದಿರಬೇಕು ಎಂದು ಅದನ್ನೂ ಹೊಡೆದುಹಾಕಿದ್ದಾರೆ. ಒಂಬತ್ತು ಕುಟುಂಬಗಳಿಗೆ ಹಳೆಯ ಹೆಸರನ್ನೂ ಬಳಸಬಹುದೆಂದು ಸಸ್ಯನಾಮಕರಣದ ಅಂತರರಾಷ್ಟ್ರೀಯ ನಿಯಮದಲ್ಲೇ ಇದೆ, ಕಾಂಪೊಸಿಟೆ ಅವುಗಳಲ್ಲಿ ಒಂದು. ಹೆಸರಿಗಿಂತ ಮುಖ್ಯವಾದದ್ದು, ಸೂರ್ಯಕಾಂತಿ ಒಂದು ಹೂವಲ್ಲ, ನೂರಾರು ಹೂವುಗಳ ಸಂತೆ ಎಂಬುದನ್ನು ಆ ಹುಡುಗಿ ಬಿಡಿಸಿ ನೋಡಿದ್ದಾಳೆಯೇ ಎಂಬುದು. ಅದನ್ನು ಯಾರೂ ಕೇಳಿಲ್ಲ. ಗೋವಿನಜೋಳದ ತೆನೆಯ ಒಂದೊಂದು ರೇಷ್ಮೆ ಎಳೆಯೂ ಒಂದೊಂದು ಕಾಳಿಗೆ ಸೇರಿದ್ದು, ಯಾವ ಎಳೆಗೆ ಪರಾಗ ಬೀಳಲಿಲ್ಲವೋ ಅಲ್ಲಿ ಕಾಳು ಕಟ್ಟುವುದಿಲ್ಲ ಎಂದು ನಮ್ಮ ಜಿಲ್ಲೆಯ ಮಕ್ಕಳಿಗೆ ಚಿತ್ರದಲ್ಲಿ ತೋರಿಸಬೇಕಾಗಿ ಬಂದಿದೆ.

ಪಿಯು ಪರೀಕ್ಷೆ ನಡೆಸುವವರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಪ್ರಾಯೋಗಿಕ ಪರೀಕ್ಷೆಯಲ್ಲಿ ಇಟ್ಟ ಹೂವಿನಲ್ಲಿ ಏನು ಕಂಡಿತೋ ಅದಕ್ಕೆ ಮೊದಲ ಅಂಕ ಕೊಡಲಿ, ಪುಸ್ತಕದ ಸಂಖ್ಯೆಗೆ ಆಮೇಲೆ. ಇಡುವುದಾದರೆ ಸಾದಾ ಹೂವು ಇಡಲಿ. ತುಂಬು ದಾಸವಾಳವನ್ನೇ ಇಡುವುದಾದರೆ ಪ್ರಶ್ನೆಯನ್ನೂ ಅದಕ್ಕೆ ತಕ್ಕಂತೆ ಕೇಳಲಿ. ವರ್ಷಕ್ಕೆ ಒಂದು ದಿನ ಮಕ್ಕಳನ್ನು ಸಮೀಪದ ಬೀಜದ ಹೊಲಕ್ಕೆ ಕಳಿಸಲಿ. ಬಸ್ಸಿನ ಖರ್ಚೂ ಬೇಕಿಲ್ಲ, ನಮ್ಮ ತಾಲ್ಲೂಕಿನ ಎಷ್ಟೋ ಕಾಲೇಜುಗಳಿಂದ ನಡೆದು ಹೋಗುವಷ್ಟು ದೂರದಲ್ಲಿಯೇ ಹತ್ತಿಯೋ ಬೆಂಡೆಯೋ ಇರುತ್ತದೆ.

ನಮ್ಮ ಹೊಲಕ್ಕೆ ಬರುವುದಾದರೆ ಬೆಳಿಗ್ಗೆ ಎಂಟರಿಂದ ಹನ್ನೊಂದರ ಒಳಗೆ ಬರಬೇಕು. ಹಿಂದಿನ ದಿನ ಮಧ್ಯಾಹ್ನವೇ ಹೇಳಿ ಕಳಿಸಿ. ಗಂಡು ಹೂವು ನಮ್ಮ ಕೆಲಸಕ್ಕೇ ಸಾಲುವುದಿಲ್ಲ. ಹೆಣ್ಣು ಸಾಲಿನಲ್ಲಿ ಮಕ್ಕಳಿಗೊಂದರಂತೆ ಮೊಗ್ಗು ಸುಲಿಯದೆ ಬಿಟ್ಟಿರುತ್ತೇನೆ.

ಇಂತಿ,
ಹತ್ತಿ ಕ್ರಾಸಿಂಗ್ ಮಾಡುವ ಒಬ್ಬ ತಾಯಿ,
ರಾಣೆಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ