ಸ್ಕ್ಯಾನಿಂಗ್‌ಗೆ ಅವಸರ ಬೇಡ, ಪುಟ್ಟಿ

ಪ್ರೀತಿಯ ಪುಟ್ಟಿ,

ನನಗೆ ಬಂದ ಥೈರಾಯ್ಡ್ ಕ್ಯಾನ್ಸರ್ ನಿನಗೂ ಬಂದೀತೆಂದು ಕತ್ತಿನ ಸ್ಕ್ಯಾನಿಂಗ್ ಮಾಡಿಸಿಕೊಳ್ಳಲು ಹೊರಟಿದ್ದೀಯಂತೆ, ಅಪ್ಪ ಹೇಳಿದರು. ಸ್ವಲ್ಪ ತಾಳು.

ನನ್ನದು ಪ್ಯಾಪಿಲರಿ ಎಂಬ ಬಗೆ. ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಇದೇ. ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ತಾಯಿಗಿದ್ದರೆ ಮಗಳಿಗೆ ಅಪಾಯ ಒಂದಿಷ್ಟು ಏರುವುದು ನಿಜ, ಆದರೂ ಹೆಚ್ಚಿನವರ ಮನೆಯಲ್ಲಿ ಎರಡನೆಯವರಿಗೆ ಬರುವುದಿಲ್ಲ. ಮೆಡುಲರಿ ಎಂಬ ಅಪರೂಪದ ಬಗೆಯ ಕಥೆ ಬೇರೆ. ಅದರಲ್ಲಿ ಸುಮಾರು ಕಾಲು ಭಾಗ ವಂಶದಲ್ಲಿ ಇಳಿದುಬರುತ್ತದೆ, ಮಕ್ಕಳಿಗೂ ಜೀನ್ ಪರೀಕ್ಷೆ ಬೇಕಾಗುತ್ತದೆ. ನನ್ನ ಬಯಾಪ್ಸಿ ವರದಿಯಲ್ಲಿ ಅದಿಲ್ಲ, ಬೇಕಾದರೆ ಫೋಟೋ ಕಳಿಸುತ್ತೇನೆ.

ಖಚಿತವಾಗಿ ಗೊತ್ತಿರುವ ದೊಡ್ಡ ಕಾರಣ, ಎಳೆಯ ವಯಸ್ಸಿನಲ್ಲಿ ತಗಲಿದ ವಿಕಿರಣ. 1986ರಲ್ಲಿ ಚೆರ್ನೋಬಿಲ್ ಸ್ಥಾವರ ಸಿಡಿದಾಗ ವಿಕಿರಣಶೀಲ ಅಯೋಡಿನ್ ಹುಲ್ಲಿನ ಮೇಲೆ ಬಿತ್ತು. ಅದನ್ನು ಮೇದ ಹಸುಗಳ ಹಾಲು ಕುಡಿದ ಬೆಲಾರುಸ್, ಉಕ್ರೇನಿನ ಮಕ್ಕಳಲ್ಲಿ ಕೆಲವೇ ವರ್ಷಗಳಲ್ಲಿ ಈ ಕಾಯಿಲೆ ಕಾಣಿಸಿಕೊಂಡಿತು. ನಿನಗೆ ಚಿಕ್ಕಂದಿನಲ್ಲಿ ವಿಕಿರಣ ಚಿಕಿತ್ಸೆಯೇನೂ ಆಗಿಲ್ಲ.

ಇನ್ನು ಸ್ಕ್ಯಾನಿಂಗ್. ದಕ್ಷಿಣ ಕೊರಿಯಾದಲ್ಲಿ ಏನೂ ತೊಂದರೆಯಿಲ್ಲದವರೂ ಸಾಲುಗಟ್ಟಿ ಕತ್ತಿನ ಸ್ಕ್ಯಾನಿಂಗ್ ಮಾಡಿಸಿಕೊಂಡರು. 1993ಕ್ಕೆ ಹೋಲಿಸಿದರೆ 2011ರಲ್ಲಿ ಪತ್ತೆಯಾದ ಪ್ರಮಾಣ 15 ಪಟ್ಟು. ಸಾವಿನ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು! ಸುಮ್ಮನೆ ಮಲಗಿದ್ದ ಸಣ್ಣ ಗಂಟುಗಳಿಗೆ ಕತ್ತು ಕೊಯ್ಯಿಸಿಕೊಂಡವರೆಷ್ಟೋ. ಕೆಲವರಿಗೆ ಧ್ವನಿಯ ನರಕ್ಕೆ ಪೆಟ್ಟಾಯಿತು, ಕೆಲವರಿಗೆ ಕ್ಯಾಲ್ಸಿಯಂ ಕುಸಿಯಿತು. ಕಾಳಜಿಯ ಹೆಸರಿನಲ್ಲಿ ಇದೆಂಥ ಶಿಕ್ಷೆ ಹೇಳು.

ನನ್ನ ಬಗ್ಗೆ ಚಿಂತೆ ಬೇಡ. ಗ್ರಂಥಿಯಲ್ಲೇ ಉಳಿದಿದ್ದ ಪ್ಯಾಪಿಲರಿಯಾದರೆ ಐದು ವರ್ಷ ದಾಟುವವರು ನೂರಕ್ಕೆ 99ರಷ್ಟು. ಆದರೆ ಹತ್ತಿಪ್ಪತ್ತು ವರ್ಷದ ಮೇಲೂ ಕತ್ತಿನ ದುಗ್ಧಗ್ರಂಥಿಗಳಲ್ಲಿ (ಲಿಂಫ್ ನೋಡ್) ಮರಳುವುದುಂಟು. ಅದಕ್ಕೇ ವರ್ಷಕ್ಕೊಮ್ಮೆ ಥೈರೋಗ್ಲಾಬ್ಯುಲಿನ್, ಅಂದರೆ ಥೈರಾಯ್ಡ್ ಜೀವಕೋಶಗಳು ತಯಾರಿಸುವ ಪ್ರೋಟೀನಿನ ರಕ್ತಪರೀಕ್ಷೆ. ನಾನು ನುಂಗುವ ಥೈರಾಯ್ಡ್ ಹಾರ್ಮೋನಿನ ಮಾತ್ರೆಯ ಪ್ರಮಾಣ ಹೆಚ್ಚಾದರೆ ಎದೆಬಡಿತ ತಪ್ಪಬಹುದು, ಮುಟ್ಟು ನಿಂತವರಿಗೆ ಮೂಳೆ ಸವೆಯಬಹುದು. ಹಾಗಾಗಿ ಡಾಕ್ಟರು ಈಗ ಕಡಿಮೆ ಮಾಡಿದ್ದಾರೆ. ನನಗೆ ನಿಜವಾಗಿ ಕಷ್ಟವಾಗಿರುವುದು ಒಂದೇ: ಬೆಳಗ್ಗೆ ಮಾತ್ರೆ ನುಂಗಿ ಮುಕ್ಕಾಲು ಗಂಟೆ ಡಿಕಾಕ್ಷನ್ ವಾಸನೆ ಕುಡಿಯುತ್ತ ಕೂರುವುದು.

ಕತ್ತಿನಲ್ಲಿ ಗಂಟು ಕೈಗೆ ಸಿಕ್ಕರೆ, ಧ್ವನಿ ವಾರಗಟ್ಟಲೆ ಒಡೆದೇ ಇದ್ದರೆ, ಅಂದೇ ಹೋಗು. ಈಗ ಡಾಕ್ಟರಿಗೆ ನನ್ನ ವಿಷಯ ಹೇಳಿ ಒಮ್ಮೆ ಕತ್ತು ಮುಟ್ಟಿ ನೋಡಿಸಿಕೋ, ಸಾಕು. ಬರುವಾಗ ಕ್ಯಾಲ್ಸಿಯಂ ಮಾತ್ರೆ ತರಬೇಡ, ಇಲ್ಲಿ ಬೇಕಾದಷ್ಟಿದೆ.

ನಿನ್ನ ಅಮ್ಮ