ಮೊಣಕಾಲಿನ ಲೆಕ್ಕ ಇಟ್ಟವರಿಗೆ ಧನ್ಯವಾದ

ಉಡುಪಿಯ ಅಜ್ಜರಕಾಡು ಮೈದಾನದಲ್ಲಿ ನಮ್ಮ ಬೆಳಗಿನ ಗುಂಪಿನ ಹನ್ನೆರಡು ವಾರ ಮೊನ್ನೆಗೆ ಮುಗಿಯಿತು. ಮತ್ತೆ ಜಾಗಿಂಗ್ ಶುರು ಮಾಡಿ ಮೊಣಕಾಲು ಹಿಡಿದುಕೊಂಡು ಕೂತಿದ್ದವರು ಈಗ 30 ನಿಮಿಷ ನಿಲ್ಲದೆ ಓಡುತ್ತಿದ್ದಾರೆ. "ಸಹಕರಿಸಿದ ಸರ್ವರಿಗೂ ವಂದನೆ" ಎಂದುಬಿಟ್ಟರೆ ಯಾರಿಗೂ ಹೇಳಿದ ಹಾಗಾಗುವುದಿಲ್ಲ. ಆದ್ದರಿಂದ ಯಾರು ಎಂತ ಮಾಡಿದರು ಅಂತಲೇ ಬರೆಯುತ್ತಿದ್ದೇವೆ.

ಮೊದಲು, ಸಂಬಳವಿಲ್ಲದೆ ಬಂದ ಫಿಸಿಯೊಥೆರಪಿಸ್ಟ್‌ಗಳಿಗೆ. ಕರಾವಳಿಯಲ್ಲಿ ಇದು ವರ್ಷವೂ ನಡೆಯುವಂಥದ್ದೇ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೂ ಕಪಾಟಿನೊಳಗೆ, ಮಳೆ ಬಿಟ್ಟ ಕೂಡಲೇ ಹಳೆಯ ಅಭ್ಯಾಸದ 5 ಕಿ.ಮೀ. ಕೆಲವೇ ವಾರದಲ್ಲಿ ಉಸಿರು ಪಳಗುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು, ಮಂಡಿಚಿಪ್ಪಿನ ಕೀಲು ಅಷ್ಟು ಬೇಗ ಪಳಗುವುದಿಲ್ಲ. ಎದೆ "ಇನ್ನೊಂದು ಸುತ್ತು" ಎನ್ನುವಾಗಲೇ ಮಂಡಿಗೆ ಸಾಕಾಗಿರುತ್ತದೆ. ಮೊದಲ ದಿನ ಅವರು ಕೇಳಿದ್ದು ಒಂದೇ: ನೋವು ಎಲ್ಲಿ, ಬೆರಳಿಟ್ಟು ತೋರಿಸಿ. ಚಿಪ್ಪಿನ ಸುತ್ತ ಅಥವಾ ಹಿಂದೆ ನೋವಿದ್ದು, ಮೆಟ್ಟಿಲು ಇಳಿಯುವಾಗ, ಕುಕ್ಕರುಗಾಲಲ್ಲಿ ಕೂತಾಗ ಹೆಚ್ಚಾಗುವವರು ಒಂದು ಕಡೆ. ಮಂಡಿಯ ಹೊರಬದಿಯಲ್ಲಿ, ಓಡಿ ಒಂದಿಷ್ಟು ದೂರ ಆದ ಮೇಲೆ ಚುಚ್ಚತೊಡಗುವವರು ಇನ್ನೊಂದು ಕಡೆ. ಅದು ಹೆಚ್ಚಾಗಿ ಐಟಿ ಬ್ಯಾಂಡಿನ, ಅಂದರೆ ತೊಡೆಯ ಹೊರಬದಿಯಲ್ಲಿ ಸೊಂಟದಿಂದ ಮಂಡಿಯ ಕೆಳಗಿನವರೆಗೆ ಇರುವ ಗಟ್ಟಿ ಪಟ್ಟಿಯ ತೊಂದರೆ. ಮಂಡಿ ಊದಿದವರು, ಮಡಚಿದ ಕಾಲು ಸಿಕ್ಕಿಕೊಳ್ಳುವವರು, ಕಾಲೂರಿದರೆ ಕುಸಿಯುವವರು, ಮಂಡಿ ಬಿಸಿಯಾಗಿ ಜ್ವರ ಬಂದವರು ಇದ್ದರೆ ವ್ಯಾಯಾಮದ ಮಾತೇ ಇಲ್ಲ, ನೇರ ಮೂಳೆ ಡಾಕ್ಟರ ಹತ್ತಿರ.

ಎರಡನೆಯದಾಗಿ, ಮಣೆ ಮಾಡಿಕೊಟ್ಟ ಆಚಾರ್ರಿಗೆ. 15 ಸೆಂ.ಮೀ. ಎತ್ತರದ್ದು ಒಂದು, 20ರದ್ದು ಒಂದು. ಜಾರದ ಹಾಗೆ ಅಡಿಗೆ ರಬ್ಬರು. ಇಡೀ ಹನ್ನೆರಡು ವಾರದಲ್ಲಿ ಅತಿ ಹೆಚ್ಚು ಕೆಲಸ ಮಾಡಿದ್ದು ಈ ಮಣೆಗಳೇ. ಒಂಟಿ ಕಾಲಲ್ಲಿ ಮಣೆಯ ಅಂಚಿಗೆ ನಿಂತು, ಇನ್ನೊಂದು ಹಿಮ್ಮಡಿಯನ್ನು ಮೂರು ಎಣಿಸುತ್ತಾ ನೆಲಕ್ಕೆ ತಾಗಿಸಿ, ಅದರ ಮೇಲೆ ಭಾರ ಹಾಕದೆ ಮೇಲೆ ಬರಬೇಕು. ಒಂದೊಂದು ಕಾಲಿಗೆ 8ರಂತೆ ಮೂರು ಸಲ, ದಿನ ಬಿಟ್ಟು ದಿನ. ನೋಡಲು ಏನೂ ಅಲ್ಲ. ಎದುರಿನಿಂದ ಮೊಬೈಲಿನಲ್ಲಿ ವಿಡಿಯೊ ತೆಗೆದರೆ ಗೊತ್ತಾಗುತ್ತದೆ: ಇಳಿಯುವಾಗ ಮಂಡಿ ಹೆಬ್ಬೆರಳನ್ನೂ ದಾಟಿ ಒಳಕ್ಕೆ ವಾಲುತ್ತದೆ, ಆಚೆ ಬದಿಯ ಸೊಂಟ ಜೋತು ಬೀಳುತ್ತದೆ. ಹೆಚ್ಚಾಗಿ ಸೊಂಟದ ಪಕ್ಕದ ಸ್ನಾಯು ಸೋತದ್ದರಿಂದ ಹೀಗೆ. ಚಿಪ್ಪು ಎರಡನೇ ಬೆರಳಿನ ನೇರಕ್ಕೆ ನಿಲ್ಲುವವರೆಗೆ 20ರ ಮಣೆ ಮುಟ್ಟುವಂತಿರಲಿಲ್ಲ.

ನಮ್ಮ ನೋವಿನ ಲೆಕ್ಕದ ಪುಸ್ತಕ ಬರೆದವರಿಗೆ ಮೂರನೆಯ ವಂದನೆ. ಸೊನ್ನೆಯಿಂದ ಹತ್ತರವರೆಗೆ ನೋವಿಗೆ ಅಂಕ; ಓಡುವಾಗ ಒಂದು, ಮರುದಿನ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಇನ್ನೊಂದು. 3ರೊಳಗಿದ್ದು 24 ಗಂಟೆಯಲ್ಲಿ ಮೊದಲಿನಂತಾದರೆ ಮುಂದಿನ ಹಂತ, ದಾಟಿದರೆ ಹಿಂದಿನ ವಾರಕ್ಕೆ ವಾಪಸ್. ಮೊದಲ ವಾರ 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ 8 ಸುತ್ತು, ವಾರಕ್ಕೆ ಮೂರೇ ದಿನ. "ಎಂತ ಮಾರಾಯ್ರೆ, ಇಷ್ಟಕ್ಕೆ ಶೂ ಹಾಕಿ ಬರಬೇಕಾ?" ಎಂದವರುಂಟು. ನೋವಿನ ಮಾತ್ರೆ ನುಂಗಿ ಓಡಿ ಅಂಕ ಕಡಿಮೆ ಬರೆದವರೂ ಉಂಟು. ಆ ಅಂಕ ಮಾತ್ರೆಯದ್ದು, ಮಂಡಿಯದ್ದಲ್ಲ.

ಟ್ರ್ಯಾಕಿನ ಪಕ್ಕ ಗಡಿಯಾರ ಹಿಡಿದು ಕೂತು ಹೆಜ್ಜೆ ಎಣಿಸಿದ ಹಿರಿಯರನ್ನು ಮರೆಯುವ ಹಾಗಿಲ್ಲ. 30 ಸೆಕೆಂಡಿನಲ್ಲಿ ಬಲಗಾಲು 40 ಸಲ ನೆಲ ಮುಟ್ಟಿದರೆ ನಿಮಿಷಕ್ಕೆ 160 ಹೆಜ್ಜೆ. ವೇಗ ಹಾಗೇ ಇಟ್ಟು ಅದನ್ನು 42 ಮಾಡಿದರೆ 168, ಅಂದರೆ ಶೇಕಡಾ 5 ಜಾಸ್ತಿ. ಹೆಜ್ಜೆ ಗಿಡ್ಡವಾಗುತ್ತದೆ, ಪಾದ ಮುಂದೆಲ್ಲೋ ಬೀಳದೆ ಮೈಯ ಕೆಳಗೇ ಬೀಳುತ್ತದೆ, ಮಂಡಿಯ ಮೇಲಿನ ಭಾರ ಇಳಿಯುತ್ತದೆ. ಖರ್ಚಿಲ್ಲದ ಮದ್ದು.

ಮಲ್ಪೆಗೆ ಕರೆದ ಗೆಳೆಯರೇ, ಬರಲಿಲ್ಲವೆಂದು ಬೇಸರ ಬೇಡ. ಅಲೆ ತಾಗಿ ಗಟ್ಟಿಯಾದ ಮರಳು ಸಮುದ್ರದ ಕಡೆಗೆ ಇಳಿಜಾರು. ಒಂದು ಕಾಲು ತಗ್ಗಿನಲ್ಲಿ, ಇನ್ನೊಂದು ಎತ್ತರದಲ್ಲಿ. ಮಂಡಿಯ ಹೊರಬದಿ ನೋವಿರುವವರಿಗೆ ಅದು ಸಲ್ಲ. ಮಣಿಪಾಲದ ಇಳಿಜಾರು ರಸ್ತೆಯನ್ನು ಕೊನೆಯ ವಾರಗಳಿಗೆ ಇಟ್ಟುಕೊಂಡದ್ದೂ ಮಂಡಿಯ ಮೇಲಿನ ದಯೆಯಿಂದಲೇ.

ಸಂಜೆ, ಪಾದ ಸ್ವಲ್ಪ ಹಿಗ್ಗಿರುವ ಹೊತ್ತಿಗೇ ಬನ್ನಿ ಎಂದು ಅಳತೆ ತೆಗೆದು, ಮುಂದೆ ಹೆಬ್ಬೆರಳಗಲ ಜಾಗ ಬಿಡಿಸಿದ ಶೂ ಅಂಗಡಿಯವರಿಗೂ, ಹೊರ ಲೇನ್ ಬಿಟ್ಟುಕೊಟ್ಟ ವಾಕಿಂಗ್‌ನವರಿಗೂ ವಂದನೆ.

ಮಣೆ ಎರಡೂ ನಮ್ಮಲ್ಲೇ ಇವೆ. ಬೇಕಾದವರು ಬೆಳಿಗ್ಗೆ ಮೈದಾನಕ್ಕೆ ಬಂದು ಕೇಳಿ ಒಯ್ಯಬಹುದು, ಆದರೆ 15ರದ್ದು ಮೊದಲು.